ಎಂಬತ್ತನೇ ಬಾಗಿಲು

ಮದುವೆಯಾದ ಮೇಲೆ ನಾಲ್ಕು ವರ್ಷ ನಾನು ನನ್ನ ಹೆಂಡತಿಯ ಮನೆಗೆ ನೆಂಟನ ಹಾಗೆ ಹೋಗಿ ಬಂದವನು. ಶನಿವಾರ ಮಧ್ಯಾಹ್ನ ಚಿತ್ರದುರ್ಗದಲ್ಲಿ ಬಸ್ಸು ಹತ್ತಬೇಕು, ಹೊಳಲ್ಕೆರೆಯಲ್ಲಿ ಡ್ರೈವರು ಟೀ ಕುಡಿದು ಬರುವವರೆಗೆ ಕಾಯಬೇಕು, ಹೊಸದುರ್ಗದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು, ಶ್ರೀರಾಂಪುರ ದಾಟಬೇಕು. ಅಷ್ಟಾದ ಮೇಲೆ ಅವಳು ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳುವ ಹಳ್ಳಿ. ಅಲ್ಲಿ ಚಂದ್ರಕ್ಕ ಎಂಬಾಕೆಯ ಮನೆಯ ಒಂದು ಪಕ್ಕದಲ್ಲಿ ಅವಳ ಬಾಡಿಗೆ ಕೋಣೆ. ಸೋಮವಾರ ಮೊದಲ ಬಸ್ಸಿಗೆ ನಾನು ವಾಪಸು.

ಹೆಂಡತಿಯ ಹೆಸರು ಸುಪ್ರಿಯಾ. ನನ್ನ ಹೆಸರು ರಾಮಾಂಜನೇಯ. ಚಿತ್ರದುರ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮಹಡಿಯ ಮೇಲೆ ನನ್ನದೊಂದು ಕಂಪ್ಯೂಟರ್ ಸೆಂಟರ್ ಇತ್ತು. ಬೋರ್ಡಿನಲ್ಲಿ ‘ಸಾಫ್ಟ್‌ವೇರ್, ಹಾರ್ಡ್‌ವೇರ್, ಇಂಟರ್ನೆಟ್, ಲ್ಯಾಮಿನೇಷನ್’ ಎಂದು ಬರೆಸಿದ್ದೆ. ಈ ನಾಲ್ಕರಲ್ಲಿ ನನಗೆ ಸಂಪೂರ್ಣವಾಗಿ ಗೊತ್ತಿದ್ದದ್ದು ಲ್ಯಾಮಿನೇಷನ್.

ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರಬೇಕಾದರೆ ಸುಪ್ರಿಯಾಳಿಗೆ ಚಿತ್ರದುರ್ಗದ ಕಡೆಗೆ ವರ್ಗವಾಗಬೇಕಿತ್ತು. ಮಾಮೂಲಿ ವರ್ಗದ ಸರದಿಯಲ್ಲಿ ಅವಳ ಹೆಸರು ಎಷ್ಟು ಕೆಳಗಿತ್ತೆಂದರೆ ಅದು ಮೇಲೆ ಬರುವಷ್ಟರಲ್ಲಿ ನಾವಿಬ್ಬರೂ ಕೋಲು ಹಿಡಿದು ಓಡಾಡುತ್ತಿದ್ದೆವು. ಉಳಿದದ್ದು ಪರಸ್ಪರ ವರ್ಗಾವಣೆ. ಚಿತ್ರದುರ್ಗದ ಹತ್ತಿರ ಕೆಲಸ ಮಾಡುವ, ಆದರೆ ಹೊಸದುರ್ಗದ ಕಡೆ ಬರಲು ಒದ್ದಾಡುತ್ತಿರುವ ಒಬ್ಬ ಶಿಕ್ಷಕಿ ಸಿಕ್ಕರೆ ಇಬ್ಬರೂ ಜಂಟಿಯಾಗಿ ಅರ್ಜಿ ಹಾಕಿ ಜಾಗ ಬದಲಾಯಿಸಿಕೊಳ್ಳಬಹುದು. ಅರ್ಜಿ ಹಾಕುವುದು ಸುಲಭ. ಆ ಒಬ್ಬಳನ್ನು ಹುಡುಕುವುದೇ ಕಷ್ಟ.

ಹುಡುಕುವ ರೀತಿಯಾದರೂ ಹೇಗೆ? ಮದುವೆ ಮನೆಗಳಲ್ಲಿ, ತರಬೇತಿಗಳಲ್ಲಿ, ಬಸ್‌ಸ್ಟ್ಯಾಂಡುಗಳಲ್ಲಿ ಕೈಯಲ್ಲಿ ಛತ್ರಿ, ಹೆಗಲಿಗೆ ಊಟದ ಬ್ಯಾಗು ಇರುವ ಹೆಂಗಸು ಕಂಡರೆ ಸಾಕು, ಹತ್ತಿರ ಹೋಗಿ ‘ಮೇಡಂ, ನಿಮ್ದು ಯಾವ ಕಡೆ ಸ್ಕೂಲು?’ ಎಂದು ಕೇಳಬೇಕು. ನಾನು ಒಮ್ಮೆ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಹೀಗೆ ಕೇಳಲು ಹೋಗಿ, ಆಕೆ ಶಿಕ್ಷಕಿಯಲ್ಲದೆ ಪೊಲೀಸ್ ಇಲಾಖೆಯವರಾಗಿದ್ದರಿಂದ, ಆಮೇಲೆ ಆ ಕೆಲಸವನ್ನು ಸುಪ್ರಿಯಾಳಿಗೇ ಬಿಟ್ಟೆ.

ಆಗ ನನಗೆ ಹೊಳೆದದ್ದು ವೆಬ್‌ಸೈಟು. ಜಿಲ್ಲೆಯ ಶಿಕ್ಷಕರೆಲ್ಲ ತಾವೀಗ ಎಲ್ಲಿದ್ದೇವೆ, ಎಲ್ಲಿಗೆ ಹೋಗಬೇಕು ಎಂದು ಅದರಲ್ಲಿ ಹಾಕುವುದು. ಒಬ್ಬರಿಗೊಬ್ಬರು ಹೊಂದಿದರೆ ಕಂಪ್ಯೂಟರೇ ಇಬ್ಬರ ಹೆಸರನ್ನೂ ಅಕ್ಕಪಕ್ಕ ತೋರಿಸುವುದು. ಶಿಕ್ಷಕರಿಗೂ ಉಪಕಾರ, ನನ್ನ ಹೆಂಡತಿಯೂ ಮನೆಗೆ ಬಂದಂತೆ. ಎರಡು ಸಾವಿರದ ಆರನೇ ಇಸವಿಯಲ್ಲಿ ಚಿತ್ರದುರ್ಗದಲ್ಲಿ ಕೂತು ಇಂಥದ್ದೊಂದನ್ನು ಯೋಚಿಸಿದೆನಲ್ಲ ಎಂದು ನನಗೆ ನನ್ನ ಮೇಲೆ ತುಂಬಾ ಗೌರವ ಬಂತು.

ಸುಪ್ರಿಯಾ ಕೇಳಿ ಖುಷಿಪಟ್ಟಳು. “ಈ ಸಲ ಕೊನೇ ತಾರೀಕಿನೊಳ್ಗೆ ಯಾರಾದ್ರೂ ಸಿಗ್ತಾರೇನ್ರಿ?” ಎಂದಳು.

“ಸಿಗದೆ ಏನು? ಸಾಲುಗಟ್ಟಿ ಬರ್ತಾರೆ, ನೋಡ್ತಿರು” ಎಂದೆ.

ಒಂದೇ ತೊಡಕು. ನನ್ನ ಸೆಂಟರಿನಲ್ಲಿ ಇಂಟರ್ನೆಟ್ಟಿಗೆ ಸದಾ ತೆರೆದಿರುವ ಮಿಷನ್ನು ಇದ್ದದ್ದು ಒಂದು, ಅದೂ ನನ್ನದಲ್ಲ. ಅದು ನನ್ನ ಭಾವ ಓಬಳೇಶಪ್ಪನವರದ್ದು.

ಭಾವ ಅಂದರೆ ಸುಪ್ರಿಯಾಳ ಅಣ್ಣ. ಹಿರಿಯೂರಿನವರು, ದುರ್ಗಕ್ಕೆ ಬಂದು ವಧು-ವರರ ಮಾಹಿತಿ ಕೇಂದ್ರ ಇಟ್ಟಿದ್ದರು. ಅದೇ ಮಹಡಿಯ ಕೋಣೆಗೆ ನಡುವೆ ಪ್ಲೈವುಡ್ ಹೊಡೆಸಿ ಬಸ್‌ಸ್ಟ್ಯಾಂಡಿನ ಕಡೆಯ ಅರ್ಧ ಅವರದು, ಗೋಡೆಯ ಕಡೆಯ ಅರ್ಧ ನನ್ನದು ಎಂದು ಹಂಚಿಕೊಂಡಿದ್ದೆವು. ನನಗೂ ಸುಪ್ರಿಯಾಳಿಗೂ ಸಂಬಂಧ ಕೂಡಿಸಿದವರೂ ಅವರೇ. ‘ಹುಡುಗ ಕಂಪ್ಯೂಟ್ರು, ಹುಡುಗಿ ಗೌರ್ಮೆಂಟು’ ಎಂದು ಎರಡೂ ಕಡೆಯವರನ್ನು ಒಪ್ಪಿಸಿದ್ದರು. ಹುಡುಗಿಯ ಗೌರ್ಮೆಂಟು ಎಷ್ಟು ದೂರದಲ್ಲಿದೆ ಎಂಬುದನ್ನು ಆಗ ಯಾರೂ ಅಳೆದಿರಲಿಲ್ಲ.

ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ ಭಾವನ ಕೇಂದ್ರಕ್ಕೆ ನಾನೇ ಒಂದು ವೆಬ್‌ಸೈಟು ಮಾಡಿಕೊಟ್ಟಿದ್ದೆ. ಅದನ್ನು ಬೆಂಗಳೂರಿನ ಯಾವುದೋ ಕಂಪನಿಯ ಮಿಷನ್ನಿನಲ್ಲಿ ಇಡಬಹುದಿತ್ತು. ಎಲ್ಲರೂ ಹಾಗೇ ಮಾಡುತ್ತಿದ್ದರು. ಆದರೆ ‘ನಮ್ಮದೇ ಸರ್ವರ್ ಐತೆ’ ಎಂದು ಹೇಳಿಕೊಳ್ಳುವ ಚಟ ನನಗೆ. ಹೀಗಾಗಿ ಭಾವನ ಮೇಜಿನ ಕೆಳಗೆ ಯುಪಿಎಸ್ಸು, ಅದರ ಪಕ್ಕ ಸರ್ವರು, ಅದರ ಮೇಲೆ ಭಾವನ ಛತ್ರಿ. ಬಂದವರೆಲ್ಲ ಕಾಲು ತಗುಲಿಸಿ, ದೇವರ ಪಟ ಮುಟ್ಟಿದಂತೆ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂರುತ್ತಿದ್ದರು.

ವಧು-ವರರ ಸೈಟನ್ನು ಹೊರಗಿನವರಿಗೆ ಬಡಿಸುವುದು ಆ ಮಿಷನ್ನಿನೊಳಗಿನ ಐಐಎಸ್ ಎಂಬ ಪ್ರೋಗ್ರಾಮು, ಅದಕ್ಕೂ ವೆಬ್ ಸರ್ವರ್ ಎಂದೇ ಹೆಸರು. ಶಿಕ್ಷಕರ ಸೈಟಿಗೆ ನಾನು ಆರಿಸಿಕೊಂಡ ರೆಡಿಮೇಡ್ ಸಾಫ್ಟ್‌ವೇರಿಗೆ ಬೇಕಾದದ್ದು ಅಪಾಚಿ ಎಂಬ ಇನ್ನೊಂದು ವೆಬ್ ಸರ್ವರ್. ಐಐಎಸ್‌ನಲ್ಲೇ ಅದನ್ನೂ ಓಡಿಸಬಹುದು ಎಂದು ಒಬ್ಬರು ಹೇಳಿದರು. ಎಲ್ಲ ಮುಗಿದ ಮೇಲೆ ಹೇಳಿದರು. ಹಾಗಾಗಿ ಆಗ ನಾನು ಒಂದೇ ಮಿಷನ್ನಿನಲ್ಲಿ ಎರಡು ವೆಬ್ ಸರ್ವರ್ ಕೂರಿಸಲು ತೋಳೇರಿಸಿದೆ.

ಅಪಾಚಿ ಏಳಲೇ ಇಲ್ಲ. ಎಬ್ಬಿಸಿದಷ್ಟೂ ಸಲ ಕಪ್ಪು ಪರದೆಯಲ್ಲಿ ಇಂಗ್ಲಿಷಿನಲ್ಲಿ ಬೈದು ಮಲಗುತ್ತಿತ್ತು. ಅದನ್ನು ಓದಿ ಓದಿ ಅರ್ಥ ಮಾಡಿಕೊಂಡದ್ದು ಇಷ್ಟು: ಮಿಷನ್ನಿಗೆ ನಂಬರು ಹಾಕಿದ ಸಾವಿರಾರು ಬಾಗಿಲುಗಳಿರುತ್ತವೆ. ಅದರಲ್ಲಿ ಎಂಬತ್ತನೆಯದು ತಲೆಬಾಗಿಲು. ಯಾರಾದರೂ ವೆಬ್‌ಸೈಟಿನ ವಿಳಾಸ ಟೈಪು ಮಾಡಿದರೆ ಬ್ರೌಸರು ಏನೂ ಕೇಳದೆ ನೇರ ಎಂಬತ್ತಕ್ಕೆ ಬಂದು ಬಾಗಿಲು ತಟ್ಟುತ್ತದೆ. ಆ ಬಾಗಿಲಲ್ಲಿ ಒಬ್ಬರು ಮಾತ್ರ ನಿಲ್ಲಬಹುದು. ಐಐಎಸ್ ಮೊದಲೇ ನಿಂತುಬಿಟ್ಟಿತ್ತು.

ನಾನು ಐಐಎಸ್ ನಿಲ್ಲಿಸಿದೆ. ಅಪಾಚಿ ಎದ್ದಿತು. ಖುಷಿಯಲ್ಲಿ ಚಪ್ಪಾಳೆ ತಟ್ಟುವಷ್ಟರಲ್ಲಿ ಪ್ಲೈವುಡ್ಡಿನ ಆಚೆಯಿಂದ ಭಾವನ ಕೂಗು ಬಂತು.

“ಲೇ ರಾಮಾಂಜಿ! ದಾವಣಗೆರೆಯೋರು ಫೋನಲ್ಲಿ ಅವ್ರೆ, ಹುಡ್ಗೀರೆಲ್ಲ ಎಲ್ ಹೋದ್ರು ಅಂತ ಕೇಳ್ತಾವ್ರೆ!”

ಅಪಾಚಿ ನಿಲ್ಲಿಸಿ ಐಐಎಸ್ ಎಬ್ಬಿಸಿದೆ. ಹುಡುಗಿಯರು ವಾಪಸು ಬಂದರು. ಮುಂದಿನ ಕೆಲವು ದಿನ ಬೆಳಗ್ಗೆ ಮದುವೆ, ಸಂಜೆ ವರ್ಗಾವಣೆ ಎಂದು ಪಾಳಿ ಹಾಕಿ ನಡೆಸಿದೆ. ವಠಾರದ ಬಚ್ಚಲುಮನೆಯ ಹಾಗೆ. ಒಂದು ಸಲ ಪಾಳಿ ಬದಲಾಯಿಸುವುದನ್ನು ಮರೆತು ಊಟಕ್ಕೆ ಹೋದೆ. ಬಂದು ನೋಡಿದರೆ ಭಾವ ಒಬ್ಬ ವರನ ತಂದೆಗೆ ಪರದೆ ತೋರಿಸುತ್ತ, “ಇದೇನೋ ಗಣಿತ ಸಹಶಿಕ್ಷಕರು ಅಂತ ಬರ್ತೈತೆ, ಹುಡುಗಿ ಓದಿರಬೇಕು ಬಿಡ್ರಿ” ಎಂದು ಸಂಬಂಧ ಬೆಳೆಸುತ್ತಿದ್ದರು.

ಇಂಟರ್ನೆಟ್ಟಿನ ಒಂದು ಚರ್ಚಾಕೂಟದಲ್ಲಿ ನನ್ನ ಕಷ್ಟ ತೋಡಿಕೊಂಡೆ. ಯಾವುದೋ ದೇಶದ ಪುಣ್ಯಾತ್ಮ ಉತ್ತರ ಬರೆದ. ಅಪಾಚಿಯನ್ನು ಎಂಬತ್ತರಲ್ಲಿ ನಿಲ್ಲಿಸು, ಐಐಎಸ್‌ಗೆ ಹಿಂದಿನ ಒಂದು ಬಾಗಿಲು ಕೊಡು, ಬಂದವರನ್ನೆಲ್ಲ ಅಪಾಚಿಯೇ ಮಾತಾಡಿಸಲಿ, ಮದುವೆಯ ವಿಷಯಕ್ಕೆ ಬಂದವರನ್ನು ಅದೇ ಒಳಗಿಂದೊಳಗೆ ಐಐಎಸ್ ಹತ್ತಿರ ಕರೆದೊಯ್ಯಲಿ, ಹೊರಗಿನವರಿಗೆ ಇದೊಂದೂ ಗೊತ್ತಾಗುವುದಿಲ್ಲ ಎಂದು. ಒಂದು ಮಧ್ಯಾಹ್ನ ಭಾವ ಯಾರದೋ ನಿಶ್ಚಿತಾರ್ಥಕ್ಕೆ ಹೋಗಿದ್ದಾಗ ಅವನು ಹೇಳಿದಂತೆಯೇ ಮಾಡಿ ನೋಡಿದೆ. ಎರಡೂ ಎದ್ದವು. ಎರಡೂ ಜಗಳವಿಲ್ಲದೆ ನಡೆದವು. ಮೊದಲ ಪುಟದಲ್ಲಿ ‘ಶಿಕ್ಷಕರ ಪರಸ್ಪರ ವರ್ಗಾವಣೆ’ ಎಂದು ದೊಡ್ಡದಾಗಿ, ಅದರ ಕೆಳಗೆ ‘ಓಬಳೇಶಪ್ಪನವರ ವಧು-ವರರ ಕೇಂದ್ರಕ್ಕೆ ಇಲ್ಲಿ ಒತ್ತಿ’ ಎಂದು ಇತ್ತು.

ಅದನ್ನು ನೋಡುತ್ತ ಕೂತಂತೆ ನನಗೆ ಒಂಥರಾ ಕಸಿವಿಸಿಯಾಯಿತು. ನಮ್ಮ ಕಡೆ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡರೆ ತಲೆಬಾಗಿಲು ದೊಡ್ಡವನಿಗೆ. ಚಿಕ್ಕವನು ಪಕ್ಕದ ಗೋಡೆ ಒಡೆಸಿ ಸಂದಿಗೆ ಬಾಗಿಲಿಡಿಸಿಕೊಳ್ಳುತ್ತಾನೆ. ಅದನ್ನು ಯಾರೂ ಕೂತು ತೀರ್ಮಾನ ಮಾಡುವುದಿಲ್ಲ, ಹಾಗೇ ನಡೆಯುತ್ತದೆ. ಇಲ್ಲಿ ನೋಡಿದರೆ ಮಿಷನ್ನು ಭಾವನದು, ಕೋಣೆಯ ಕರಾರು ಭಾವನ ಹೆಸರಲ್ಲಿ, ಮೇಲಾಗಿ ಹೆಣ್ಣು ಕೊಟ್ಟವರು. ಅವರ ಬಾಗಿಲಲ್ಲಿ ನಾನು ನಿಂತು, ಅವರ ಮನೆಗೆ ಬಂದವರನ್ನು ನನ್ನ ಪಡಸಾಲೆ ಹಾಯಿಸಿ ಕಳಿಸುವುದೇ? ಭಾವ ನಿಶ್ಚಿತಾರ್ಥದಿಂದ ಬಂದು ನನಗೊಂದು ಲಾಡು ಕೈಗಿಟ್ಟರು. ಅದನ್ನು ತಿನ್ನುತ್ತಲೇ ಮಾಡಿದ್ದನ್ನೆಲ್ಲ ಅಳಿಸಿದೆ. ಎಂಬತ್ತನೇ ಬಾಗಿಲು ಭಾವನಿಗೇ ಬಿಟ್ಟೆ. ಅಪಾಚಿಗೆ ಎಂಟು ಸಾವಿರದ ಎಂಬತ್ತನೇ ಬಾಗಿಲು ತೋರಿಸಿದೆ. ಅದೂ ತಕರಾರಿಲ್ಲದೆ ಎದ್ದಿತು. ಶಿಕ್ಷಕರು ವಿಳಾಸದ ಕೊನೆಗೆ ಎರಡು ಚುಕ್ಕೆಯಿಟ್ಟು 8080 ಎಂದು ಸೇರಿಸಿದರಾಯಿತು. ನಾಲ್ಕು ಅಂಕಿ ಒತ್ತುವುದು ಶಿಕ್ಷಕರಿಗೆ ಕಷ್ಟವೇ?

ಈ ಸಾಧನೆಯನ್ನು ನಾನು ಸುಮ್ಮನೆ ಬಿಡಲಿಲ್ಲ. ಕೆಳಗೆ ಮೂರ್ತಪ್ಪನ ಟೀ ಅಂಗಡಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಒಂದೇ ಪೆಟ್ಟಿಗೆಯಲ್ಲಿ ಎರಡು ವೆಬ್ ಸರ್ವರ್, ಜಿಲ್ಲೆಯಲ್ಲೇ ಇದು ಮೊದಲು ಎಂದೆ. ಜಿಲ್ಲೆಯಲ್ಲಿ ಯಾರ್ಯಾರು ಏನೇನು ನಡೆಸುತ್ತಿದ್ದಾರೆಂದು ನನಗೆ ಗೊತ್ತಿರಲಿಲ್ಲ, ಹಾಗಾಗಿ ಹೇಳಲು ಅಡ್ಡಿಯೂ ಇರಲಿಲ್ಲ.

ಮೂರ್ತಪ್ಪ ಹಾಲು ಕಾಯಿಸುತ್ತ, “ಕರೆಂಟ್ ಹೋದ್ರೆ?” ಎಂದ.

“ಎರಡೂ ಹೋಗ್ತವೆ.”

“ಮತ್ತೆ ಎರಡ್ಯಾಕಪ್ಪ?” ಎಂದ.

ತಿಳಿವಳಿಕೆಯಿಲ್ಲದವರ ಜೊತೆ ಮಾತು ಬೆಳೆಸಬಾರದೆಂದು ಟೀ ಕುಡಿದು ಮೇಲೆ ಬಂದೆ.

ಕರಪತ್ರ ಹಾಕಿಸಿ ಆರೂ ತಾಲ್ಲೂಕಿಗೆ ಹಂಚಿಸಿದೆ. ಅದರಲ್ಲಿ ವಿಳಾಸ, ಎರಡು ಚುಕ್ಕೆ, 8080 ಎಲ್ಲವೂ ಸರಿಯಾಗಿತ್ತು. ಇದೊಂದು ವಿಷಯದಲ್ಲಿ ನನ್ನನ್ನು ಯಾರೂ ಬೈಯುವಂತಿಲ್ಲ. ಆದರೆ ನಮ್ಮ ಜನ ಕಾಗದದ ಮೇಲೆ ವಿಳಾಸ ಬರೆಯುವಾಗ ಹೆಸರು, ಊರು, ತಾಲ್ಲೂಕು, ಜಿಲ್ಲೆ ಬರೆದು ಪಿನ್‌ಕೋಡ್ ಬಿಡುವವರು. ಪಿನ್‌ಕೋಡ್ ಇಲ್ಲದಿದ್ದರೂ ಕಾಗದ ಹೇಗೋ ಬಂದು ಮುಟ್ಟುತ್ತದೆ, ಪೋಸ್ಟ್‌ಮ್ಯಾನಿಗೆ ಎಲ್ಲರೂ ಗೊತ್ತು. ಒಬ್ಬ ಮೇಷ್ಟ್ರು ಇನ್ನೊಬ್ಬ ಮೇಷ್ಟ್ರಿಗೆ ಫೋನಿನಲ್ಲಿ ನಮ್ಮ ವಿಳಾಸ ಹೇಳುವಾಗ ಕೊನೆಯ 8080 ಅನ್ನೂ ಪಿನ್‌ಕೋಡ್ ಎಂದುಕೊಂಡು ಬಿಟ್ಟರು. ಬೇಕಾದವರು ತಾವೇ ಹುಡುಕಿ ಮುಟ್ಟಿಸುತ್ತಾರೆ ಎಂಬ ನಂಬಿಕೆ.

ಬ್ರೌಸರಿಗೆ ಯಾರೂ ಗೊತ್ತಿಲ್ಲ. ಅದು ಬಂದವರನ್ನೆಲ್ಲ ತಲೆಬಾಗಿಲಿಗೆ, ಅಂದರೆ ಭಾವನ ವಧು-ವರರ ಕೇಂದ್ರಕ್ಕೆ ಕರೆದೊಯ್ಯುತ್ತಿತ್ತು. ಇಲ್ಲಿ ಇನ್ನೊಂದು ಮಾತು ಹೇಳಬೇಕು. ಆಗ ಕನ್ನಡದ ಪುಟ ನೋಡಲು ಆ ಕಂಪ್ಯೂಟರಿನಲ್ಲೂ ಅದೇ ಕನ್ನಡ ಫಾಂಟ್ ಇರಬೇಕಿತ್ತು. ಊರೂರಿನ ಸೈಬರ್ ಸೆಂಟರುಗಳಲ್ಲಿ ಅದಿರುತ್ತಿರಲಿಲ್ಲ. ಭಾವನ ಪುಟದ ತುಂಬ ಕೊಕ್ಕೆ, ಡಾಲರು, ಕಂಸ, ಪ್ರಶ್ನೆ ಚಿಹ್ನೆ ಕಾಣುತ್ತಿದ್ದವು. ಓದಲು ಬರುತ್ತಿದ್ದದ್ದು ಭಾವನ ಫೋನ್ ನಂಬರು ಒಂದೇ.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಅಪಾಚಿಯ ಬಾಗಿಲಲ್ಲಿ ಕೂತು ಶಿಕ್ಷಕರ ದಾರಿ ಕಾಯುತ್ತಿದ್ದೆ. ತುರುವನೂರಿನ ಒಬ್ಬ ಡ್ರಿಲ್ ಮೇಷ್ಟ್ರು ಬಂದರು. ಚಿಕ್ಕಜಾಜೂರಿನಿಂದ ಒಬ್ಬರು ಬಂದರು, ಅವರಿಗೆ ರೈಲು ಹತ್ತಿರವಿರುವ ಜಾಗ ಬಿಟ್ಟು ಬೇರೆ ಎಲ್ಲಿಗೂ ಹೋಗುವ ಮನಸ್ಸಿರಲಿಲ್ಲ, ಸುಮ್ಮನೆ ನೋಡಿ ಹೋದರು. ಹೊಸದುರ್ಗಕ್ಕೆ ಬರುತ್ತೇನೆನ್ನುವವರು ಒಬ್ಬರೂ ಇಲ್ಲ. ಜನಕ್ಕೆ ಕಂಪ್ಯೂಟರ್ ಜ್ಞಾನ ಸಾಲದು ಎಂದು ತೀರ್ಮಾನಿಸಿದೆ.

ಒಂದು ದಿನ ಭಾವ ಫೋನು ಕುಕ್ಕಿ, ಪ್ಲೈವುಡ್ಡಿನ ಮೇಲಿಂದ ತಲೆ ತೂರಿಸಿದರು.

“ಕಾಲ ಕೆಟ್ಟೋತಪ್ಪ ರಾಮಾಂಜಿ. ಈಗೀಗ ಮದ್ವೆ ಆಗಿರೋ ಹೆಣ್ಮಕ್ಳೂ ಫೋನ್ ಮಾಡಾಕ್ಹತ್ಯಾರೆ. ಈಗ ಒಬ್ಳು, ನಾನು ದುರ್ಗದಾಗಿದೀನಿ, ನಂಗೆ ಹೊಸದುರ್ಗದ ಕಡೆಯೋರೇ ಬೇಕು ಅಂತಾಳೆ. ಮದ್ವೆ ಆಗೈತೇನಮ್ಮ ಅಂದ್ರೆ, ಆಗೈತೆ, ಇಬ್ರು ಮಕ್ಳವೆ ಅಂತಾಳೆ! ಗಂಡನಿಗೆ ಗೊತ್ತೇನಮ್ಮ ಅಂದೆ. ಅವ್ರೇ ಫೋನ್ ಮಾಡು ಅಂದ್ರು ಅಂತಾಳಪ್ಪ!”

“ನೀವೇನಂದ್ರಿ ಭಾವ?”

“ಮಾನ ಮರ್ಯಾದೆ ಐತೇನಮ್ಮ ನಿಮ್ಮನೇಲಿ ಅಂತ ಉಗುದು ಇಟ್ಟೆ.”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೂರ್ತಪ್ಪನ ಅಂಗಡಿಯಲ್ಲಿ ಅದನ್ನು ಅಭಿನಯ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಆ ವಾರವೇ ಪರಸ್ಪರ ವರ್ಗಾವಣೆಯ ಅರ್ಜಿಗೆ ಕೊನೆಯ ದಿನ ಬಂದು ಹೋಯಿತು. ಫೋನಿನಲ್ಲಿ ಸುಪ್ರಿಯಾಳಿಗೆ, “ಈ ವರ್ಷ ಹೊಂದೋರು ಯಾರೂ ಬರ್ಲಿಲ್ಲ ಕಣೆ, ಮುಂದಿನ ವರ್ಷ ನೋಡಾಣ” ಎಂದೆ. ಅವಳು “ಹ್ಞೂಂ” ಎಂದಳು. ಇಷ್ಟು ವರ್ಷದಲ್ಲಿ ಅವಳ ‘ಹ್ಞೂಂ’ ಚಿಕ್ಕದಾಗುತ್ತಾ ಬಂದಿತ್ತು. ನಾನು ಅದನ್ನು ಫೋನ್ ಲೈನಿನ ದೋಷ ಎಂದುಕೊಂಡಿದ್ದೆ.

ಅದಾದ ಮೇಲಿನ ಒಂದು ಭಾನುವಾರ. ಚಂದ್ರಕ್ಕನ ಮನೆಯ ಜಗುಲಿಯಲ್ಲಿ ನಾವಿಬ್ಬರೂ ಚಂದ್ರಕ್ಕನೂ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಸುಪ್ರಿಯಾ ಆ ವಾರ ಹೊಳಲ್ಕೆರೆಯಲ್ಲಿ ಶಿಕ್ಷಕರ ತರಬೇತಿ ಮುಗಿಸಿ ಬಂದಿದ್ದಳು.

“ತರಬೇತೀಲಿ ನನ್ ಪಕ್ಕ ಆಶಾರಾಣಿ ಅಂತ ಒಬ್ರು ಕೂತಿದ್ರು” ಎಂದಳು. “ದುರ್ಗದ ಹತ್ರಾನೇ ಸ್ಕೂಲು. ನಿಮ್ ಅಂಗಡಿಯಿಂದ ಸಿಟಿ ಬಸ್ನಾಗೆ ಹೋಗ್ಬೋದು.”

“ಹೌದಾ.”

“ಗಂಡಂದು ಹೊಸದುರ್ಗದಾಗೆ ತೆಂಗಿನ ತೋಟ ಐತಂತೆ. ಈ ಕಡೀಗೆ ಬರ್ಬೇಕು ಅಂತ ಬಾಳ ಒದ್ದಾಡಿದ್ರಂತೆ. ದುರ್ಗದಾಗೆ ಯಾರೋ ಪರಸ್ಪರದವ್ರಿಗೆ ವೆಬ್‌ಸೈಟ್ ಮಾಡಿದಾರೆ ಅಂತ ಕೇಳಿ ಸೈಬರ್‌ಗೆ ಹೋಗಿ ನೋಡಿದ್ರಂತೆ. ಒಂದಕ್ಷರಾನೂ ಓದಾಕ್ ಬರ್ಲಿಲ್ವಂತೆ. ಅದ್ರಾಗಿದ್ದ ನಂಬರಿಗೆ ಫೋನ್ ಮಾಡಿದ್ರೆ ಯಾವನೋ ಒಬ್ಬ ಮಾನ ಮರ್ಯಾದೆ ಐತೇನಮ್ಮ ಅಂತ ಉಗುದ್ನಂತೆ.”

ನನ್ನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು.

“ಅವ್ರು ಅವನ ಧ್ವನಿ ಮಾಡಿ ತೋರ್ಸಿದ್ರು. ಎಲ್ರೂ ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ. ಆಮೇಲೆ ಗೊತ್ತಾತು, ಅದು ನಮ್ಮಣ್ಣನ ಧ್ವನಿ.” ಅವಳು ತಲೆ ಎತ್ತದೆ ಕಾಯಿ ಬಿಡಿಸುತ್ತಲೇ ಇದ್ದಳು. “ಈಗ ಅವ್ರಿಗೆ ಬಾಗೂರಿನ ಕಡೆ ಇನ್ನೊಬ್ರು ಸಿಕ್ಕಿ ಆರ್ಡರ್ರೂ ಬಂತಂತೆ. ನಿಮ್ ಸೈಟು ನೋಡೋರು ಅಣ್ಣನ ಹತ್ರ ಯಾಕ್ರಿ ಹೋದ್ರು?”

ಇದಕ್ಕೆ ಉತ್ತರ ಹೇಳಲು ನನಗೆ ಗೊತ್ತಿತ್ತು. ಉತ್ತರ ಗೊತ್ತಿರುವ ಪ್ರಶ್ನೆ ಸಿಕ್ಕರೆ ನಾನು ಸಂದರ್ಭ ನೋಡುವವನಲ್ಲ. ಅವರೆಕಾಯಿ ಬುಟ್ಟಿಯನ್ನೇ ಮಿಷನ್ನು ಮಾಡಿ, ಅದಕ್ಕೆ ಬಾಗಿಲುಗಳನ್ನು ತೋರಿಸಿ, ಎಂಬತ್ತು ಯಾವುದು, ಎಂಟು ಸಾವಿರದ ಎಂಬತ್ತು ಯಾವುದು, ಐಐಎಸ್ ಯಾಕೆ ಜಾಗ ಬಿಡುವುದಿಲ್ಲ, ಎಲ್ಲವನ್ನೂ ವಿವರಿಸಿದೆ. ಅವಳು ಮಕ್ಕಳ ಉತ್ತರ ಕೇಳುವ ಹಾಗೆ ಕೊನೆಯವರೆಗೂ ಕೇಳಿದಳು.

“ಅಂದ್ರೆ ನಮ್ದನ್ನ ಮುಂದೆ ಇಡಾಕ್ ಆಗ್ತಿರ್ಲಿಲ್ವ?”

“ಆಗ್ತಿತ್ತು. ಮಾಡೀನೂ ನೋಡಿದ್ದೆ. ಎರಡೂ ಚೆನ್ನಾಗೇ ನಡೆದ್ವು.”

“ಮತ್ತೆ?”

“ನಿಮ್ಮಣ್ಣ ದೊಡ್ಡೋರಲ್ವ. ಅವ್ರನ್ನ ಹಿಂದಕ್ ಹಾಕಿ ನಾನು ಮುಂದ್ ನಿಂತ್ರೆ ಏನು ಚೆಂದ?”

ಅವಳು ಒಳಗೆ ಹೋಗಿ ಮೊಬೈಲು ತಂದು ಅಣ್ಣನಿಗೆ ಫೋನು ಹಚ್ಚಿದಳು. ಆ ಹಳ್ಳಿಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಜಗುಲಿಯ ಆ ತುದಿಯಲ್ಲಿ ಮಾತ್ರ, ಹಾಗಾಗಿ ಚಂದ್ರಕ್ಕನಿಗೂ ಎಲ್ಲವೂ ಕೇಳಿಸುವಂತಿತ್ತು. ಭಾವನ ಗಂಟಲಿಗೆ ಫೋನಿನ ಅಗತ್ಯವೇ ಇಲ್ಲ, ಹಾಗಾಗಿ ನನಗೂ ಕೇಳಿಸುವಂತಿತ್ತು.

“ಅಣ್ಣಾ, ಕಂಪ್ಯೂಟರ್ನಾಗೆ ನಿಂದು ಮುಂದಿರ್ಬೇಕು ಅಂತ ಇವ್ರಿಗೆ ಹೇಳಿದ್ಯ?”

“ಮುಂದ್ಯಾವ್ದವ್ವ, ಹಿಂದ್ಯಾವ್ದು? ಅದಕ್ಕೆ ಮುಂದೊಂದು ಹಿಂದೊಂದು ಐತೆ ಅಂತ ನಂಗೇನ್ ಗೊತ್ತು? ನಾನು ಅದ್ರ ಮ್ಯಾಲೆ ಛತ್ರಿ ಇಡ್ತೀನಿ, ಅಷ್ಟೇಯ.”

“ಇವ್ರು ನಿನ್ ಮರ್ಯಾದೆಗೆ ಅಂತ ನಿಂದನ್ನ ಮುಂದಿಟ್ರಂತೆ. ಅದ್ಕೇ ನಂಗೆ ಬರೋ ಟ್ರಾನ್ಸ್‌ಫರ್ ತಪ್ಪೋತು. ನೀನ್ ಉಗುದ್ಯಲ್ಲ, ಆ ಮೇಡಂ ನಂಗೇ ಬಂದಿದ್ದು.”

 

“ಅಲ್ಲವ್ವ, ನನ್ನ ಒಂದ್ ಮಾತು ಕೇಳಿದ್ರೆ ಮೋರಿಯಾಗ್ ಹಾಕು ಅಂತಿದ್ದೆ. ತಂಗಿ ಬಾಳಿಗಿಂತ ಹೆಚ್ಚೇನವ್ವ ಅದು?” ಎಂದರು. “ಅವ್ನಿಗೆ ಕೊಡವ್ವ ಫೋನು.”

ನಾನು ಬೇಡವೆಂದು ಕೈಯಾಡಿಸಿದೆ. ಸುಪ್ರಿಯಾ ಫೋನು ಇಟ್ಟಳು.

ಭಾವ ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಯಾರೂ ಬೇಡದ ಮರ್ಯಾದೆಯನ್ನು ನಾನೇ ಹೊತ್ತುಕೊಂಡು ಹೋಗಿ ಕೊಟ್ಟು, ದೊಡ್ಡ ಮನುಷ್ಯ ಎಂದುಕೊಂಡಿದ್ದೆ. ಇಂಗು ತಿಂದ ಮಂಗನ ಹಾಗೆ ಕೂತಿದ್ದೆ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ.

“ಆಗಿದ್ದಾತು ಬಿಡು. ನಾಳೆ ಹೋಗಿ ಅಪಾಚಿನ ಎಂಬತ್ತಕ್ಕೆ ತರ್ತೀನಿ. ಮುಂದಿನ ವರ್ಷ ನೋಡು, ಖಂಡಿತ...”

“ಮುಂದಿನ ವರ್ಷ ಬ್ಯಾಡ ರೀ” ಎಂದಳು.

“ಯಾಕೆ?”

“ಆ ಪೆಟ್ಟಿಗೆ ಎಲ್ಲಿದ್ರೂ ನಡೀತೈತೆ, ಅಮೆರಿಕದಾಗ್ ಕೂತ್ಕಂಡೂ ನೋಡ್ಬೋದು ಅಂತ ನೀವೇ ಹೇಳ್ತೀರಲ್ಲ?”

“ಹೌದು ಮತ್ತೆ. ಅದೇ ಅದ್ರ ವಿಶೇಷ.”

“ಹಂಗಾದ್ರೆ ನೀವೇ ಇಲ್ಲಿಗ್ ಬರ್ರಿ.”

ನನಗೆ ಮಾತು ಅರ್ಥವಾಗಲು ಹೊತ್ತು ಹಿಡಿಯಿತು. ಇಷ್ಟು ವರ್ಷ ವರ್ಗಾವಣೆ ಎಂದರೆ ಅವಳದ್ದು, ಬರುವುದೆಂದರೆ ಅವಳು ದುರ್ಗಕ್ಕೆ ಬರುವುದು. ನಾನಾಗಲಿ ಭಾವನಾಗಲಿ ಬೇರೆ ಥರ ಯೋಚಿಸಿಯೇ ಇರಲಿಲ್ಲ. ನನ್ನನ್ನು ವರ್ಗ ಮಾಡಲು ಯಾವ ಇಲಾಖೆಯೂ ಬೇಕಿರಲಿಲ್ಲ. ಜೊತೆಗೆ ಅರ್ಜಿ ಹಾಕಲು ಇನ್ನೊಬ್ಬರೂ ಬೇಕಿರಲಿಲ್ಲ. ಶ್ರೀರಾಂಪುರದಲ್ಲೂ ಜನಕ್ಕೆ ಲ್ಯಾಮಿನೇಷನ್ ಬೇಕಾಗುತ್ತದೆ.

“ಹೆಂಡ್ತಿ ಊರಿಗೆ ಬಂದು ಕೂತ್ರೆ ಜನ ಏನಂತಾರೆ?” ಎಂದೆ.

“ಮೇಡಂ ಗಂಡ ಅಂತಾರೆ.” ಅವಳು ಕೈಯಲ್ಲಿದ್ದ ಸಿಪ್ಪೆಯನ್ನು ಮೊರಕ್ಕೆ ಹಾಕಿದಳು. “ಈಗ ನನ್ನನ್ನ ಗಂಡ ಬಿಟ್ಟೋಳು ಅಂತಾರೆ. ನೀವು ಬರೋದು ಕತ್ಲಾದ್ ಮೇಲೆ, ಹೋಗೋದು ಬೆಳಗಾಗೋದ್ರೊಳ್ಗೆ. ಭಾನುವಾರ ಪೂರ್ತಿ ಒಳಗೆ ಮಲ್ಗಿರ್ತೀರ. ಯಾರು ನೋಡಿದಾರೆ ನಿಮ್ಮನ್ನ? ನಲ್ಲಿ ಹತ್ರ ಅಂತಾರೆ, ಸ್ಕೂಲ್ ಹತ್ರಾನೂ ಅಂತಾರೆ. ಮಕ್ಳೂ ಒಂದ್ಸಲ ಕೇಳಿದ್ವು.”

ನಾನು ಚಂದ್ರಕ್ಕನ ಕಡೆ ನೋಡಿದೆ. ಅವರು ಇಲ್ಲವೆನ್ನುತ್ತಾರೆ ಎಂದು ಕಾದೆ. ಚಂದ್ರಕ್ಕ ಮೊರ ಎತ್ತಿಕೊಂಡು ಒಳಗೆ ಹೋದರು.

“ನಂಗ್ಯಾಕೆ ಹೇಳ್ಲಿಲ್ಲ?” ಎಂದೆ.

“ಹೇಳಿದ್ರೆ ನಿಮ್ಗೆ ಬೇಜಾರಾಗ್ತಿತ್ತು” ಎಂದಳು. ಆಮೇಲೆ ಅತ್ತಳು. ಮದುವೆಯಾದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ವಾರದ ಉಳಿದ ದಿನ ಏನು ಮಾಡುತ್ತಿದ್ದಳೋ, ನೋಡಲು ನಾನು ಅಲ್ಲಿರಲಿಲ್ಲ. ನನಗೆ ಸಂಕಟವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಎರಡು ಸರ್ವರುಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂರಿಸಿದೆನೆಂದು ಮೂರ್ತಪ್ಪನ ಅಂಗಡಿಯಲ್ಲಿ ಎದೆಯುಬ್ಬಿಸಿದ್ದ ಮನುಷ್ಯ ನಾನೇ ಎಂದು ಹೇಳಿಕೊಳ್ಳಲು ಆಗ ಒಪ್ಪುತ್ತಿರಲಿಲ್ಲ.

ಸೋಮವಾರ ಬಸ್ಸು ಬಂದು ಹಾರನ್ನು ಹೊಡೆದು ಹೋಯಿತು. ನಾನು ಸ್ನಾನ ಮಾಡಿ, ಇದ್ದದ್ದರಲ್ಲಿ ಸುಕ್ಕಿಲ್ಲದ ಅಂಗಿ ಹಾಕಿಕೊಂಡೆ. ಸುಪ್ರಿಯಾ ಶಾಲೆಗೆ ಹೊರಟಾಗ ಅವಳ ಊಟದ ಬ್ಯಾಗನ್ನು ನಾನು ತೆಗೆದುಕೊಂಡೆ.

“ದುರ್ಗಕ್ ಹೋಗಲ್ವ?” ಎಂದಳು.

“ಸಾಮಾನು ತರಾಕೆ ಮಧ್ಯಾಹ್ನ ಹೋಗ್ತೀನಿ. ಈಗ ಸ್ಕೂಲ್ ತನ್ಕ ಬರ್ತೀನಿ ನಡಿ.”

“ಸಂದೀಲಿ ಹೋದ್ರೆ ಹತ್ರ.”

“ಬ್ಯಾಡ. ದೊಡ್ಡ ಬೀದಿಯಾಗೇ ಹೋಗಾಣ.”

ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದವರು ನೋಡಿದರು. ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದವರು ಪೇಪರ್ ಮಡಿಸಿ ನೋಡಿದರು. ನಾನು ಎಲ್ಲರಿಗೂ ನಮಸ್ಕಾರ ಹಾಕುತ್ತ ಹೋದೆ, ಎಲೆಕ್ಷನ್ನಿಗೆ ನಿಂತವನ ಹಾಗೆ. ಒಂದಿಬ್ಬರು ಗಾಬರಿಯಾಗಿ ವಾಪಸು ನಮಸ್ಕಾರ ಹಾಕಿದರು. ಸುಪ್ರಿಯಾ ತಲೆ ತಗ್ಗಿಸಿ ನಗು ತಡೆದುಕೊಂಡು ನಡೆಯುತ್ತಿದ್ದಳು.

ನಲ್ಲಿಯ ಹತ್ತಿರ ಕೊಡ ತುಂಬಿಸುತ್ತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಅವರಲ್ಲಿ ಒಬ್ಬಾಕೆ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿ, “ಮೇಡಮ್ಮೋರೆ, ಯಾರ್ರೀ ಇವ್ರು?” ಎಂದು ಕೇಳಿದಳು.

ಸುಪ್ರಿಯಾ ನಿಂತಳು. ಬೀದಿಯ ಆ ತುದಿಗೂ ಕೇಳುವಂತೆ, ತರಗತಿಯಲ್ಲಿ ಹಾಜರಿ ಕೂಗುವ ಧ್ವನಿಯಲ್ಲಿ, “ನಮ್ ಯಜಮಾನ್ರು ಕಣಮ್ಮ” ಎಂದಳು.